ಹಾಲಿನ ಡೈರಿಯ ಪಕ್ಕದಲ್ಲಿ ಇನ್ನೊಂದು ಸಂಘ

(ಸದಸ್ಯ ಶಿಕ್ಷಣ ಪಾಠ)



ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಯಾವ ಹಳ್ಳಿಗೆ ಹೋದರೂ ಇಂದು ಹಾಲಿನ ಡೈರಿಯ ಜೊತೆಗೆ ಇನ್ನೂ ಮೂರು ನಾಲ್ಕು ಸಂಘಗಳು ಕಾಣಸಿಗುತ್ತವೆ. ಸ್ತ್ರೀಶಕ್ತಿ ಗುಂಪು, ಧರ್ಮಸ್ಥಳ ಸಂಘ, ಸಂಜೀವಿನಿ ಸಂಘ, ಯುವಕರ ಸಂಘ, ಇವುಗಳ ನಡುವೆ ಸಾಲದ ಕಂಪನಿಯವರು ಮಾಡಿಸಿದ ಗುಂಪುಗಳು. ಜನರ ಬಾಯಲ್ಲಿ ಎಲ್ಲವೂ 'ಸಂಘ'ವೇ. ಯಾರಾದರೂ ಹೆಣ್ಣುಮಗಳು ಇವತ್ತು ಸಂಘ ಇದೆ ಎಂದು ಬೇಗಬೇಗ ಹೊರಟರೆ, ಯಾವ ಸಂಘಕ್ಕಮ್ಮಾ ಎಂದು ಕೇಳಬೇಕಾದ ಸ್ಥಿತಿ ಬಂದಿದೆ.

ತಳಮಟ್ಟದ ಜನರು ತಾವೇ ಸೇರಿ ಕಟ್ಟಿಕೊಂಡ ಗುಂಪುಗಳು ಊರಿನ ಅಭಿವೃದ್ಧಿಯಲ್ಲಿ ಏನು ಮಾಡಬಲ್ಲವು, ಯಾವುದು ನಿಜವಾಗಿ ನಮ್ಮ ಸಂಘ, ಯಾವುದು ನಮ್ಮ ಹೆಸರಿನಲ್ಲಿ ನಡೆಯುವ ಬೇರೆಯವರ ಸಂಘ ಎಂಬುದನ್ನು ಈ ಪಾಠದಲ್ಲಿ ವಿಚಾರ ಮಾಡೋಣ. ಹಾಲಿಗೆ ಸಂಬಂಧಿಸದ ವಿಷಯ ಎಂದು ಪುಟ ತಿರುಗಿಸಬೇಡಿ. ಬಟವಾಡೆಯ ಹಣ ಮನೆ ಸೇರಿದ ಮೇಲೆ ಅದರಲ್ಲಿ ಎಷ್ಟು ಪಾಲು ಹಿಂಡಿ ಬೂಸಾಕ್ಕೆ ಹೋಗುತ್ತದೆ, ಎಷ್ಟು ಪಾಲು ವಾರದ ಕಂತಿಗೆ ಹೋಗುತ್ತದೆ ಎಂಬುದನ್ನು ತಾವೇ ಒಮ್ಮೆ ಲೆಕ್ಕ ಹಾಕಿದರೆ ಇದು ಹಾಲಿನ ವಿಷಯವೇ ಎಂದು ತಿಳಿಯುತ್ತದೆ.

ಡೈರಿಯೂ ಹುಟ್ಟಿದ್ದು ಹೀಗೆಯೇ

ನಮ್ಮಲ್ಲಿ ಅನೇಕರು ಹಾಲಿನ ಸಂಘವನ್ನು ಸರ್ಕಾರ ಕೊಟ್ಟದ್ದು ಎಂದು ತಿಳಿದಿದ್ದಾರೆ. ಇದರ ಮೂಲ ಬೇರೆ. ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಹಾಲು ಕೊಳ್ಳುವ ಹಕ್ಕನ್ನು ಅಂದಿನ ಮುಂಬಯಿ ಸರ್ಕಾರ ಪೋಲ್ಸನ್ ಎಂಬ ಒಂದೇ ಕಂಪನಿಗೆ ಕೊಟ್ಟಿತ್ತು. ಕಂಪನಿ ಕೊಟ್ಟದ್ದೇ ಬೆಲೆ. 1946ರ ಜನವರಿಯಲ್ಲಿ ಸಮರ್ಖಾ ಎಂಬ ಹಳ್ಳಿಯಲ್ಲಿ ರೈತರು ಸಭೆ ಸೇರಿ, ಈ ಕಂಪನಿಗೆ ಹಾಲು ಹಾಕುವುದಿಲ್ಲವೆಂದು ತೀರ್ಮಾನಿಸಿದರು. ಹದಿನೈದು ದಿನ ಹಾಲು ಹೋಗಲಿಲ್ಲ. ಆಮೇಲೆ ಸರ್ಕಾರ ಬಗ್ಗಿತು. ತ್ರಿಭುವನದಾಸ ಪಟೇಲರ ಮುಂದಾಳತ್ವದಲ್ಲಿ ಅದೇ ವರ್ಷದ ಡಿಸೆಂಬರ್ 14ರಂದು ಒಕ್ಕೂಟ ನೋಂದಣಿಯಾಯಿತು. ಎರಡು ಹಳ್ಳಿಯ ಸಂಘ, ದಿನಕ್ಕೆ ಸುಮಾರು 250 ಲೀಟರ್ ಹಾಲು. ಇಂದಿನ ಅಮೂಲ್ ಸಂಸ್ಥೆಯ ಪ್ರಾರಂಭ ಇಷ್ಟೇ.

ಗಮನಿಸಬೇಕಾದ ವಿಷಯವೆಂದರೆ, ಅಲ್ಲಿ ಮೊದಲು ಬಂದದ್ದು ಕಟ್ಟಡವಲ್ಲ, ಕ್ಯಾನುಗಳಲ್ಲ, ನೋಂದಣಿ ಪತ್ರವೂ ಅಲ್ಲ. ಮೊದಲು ಬಂದದ್ದು ಒಂದು ಸಭೆ ಮತ್ತು ಆ ಸಭೆಯಲ್ಲಿ ಒಟ್ಟಾಗಿ ಹೇಳಿದ ಒಂದು 'ಇಲ್ಲ'. ನಮ್ಮ ರಾಜ್ಯದಲ್ಲಿ ಸಹಕಾರ ಇನ್ನೂ ಹಳೆಯದು. ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲೇ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದರು. ಆದರೆ ಹಾಲಿನ ವಿಷಯದಲ್ಲಿ ಆನಂದ್ ಮಾದರಿ ನಮ್ಮಲ್ಲಿಗೆ ಬಂದದ್ದು 1974ರಲ್ಲಿ, ವಿಶ್ವಬ್ಯಾಂಕಿನ ನೆರವಿನ ಹೈನು ಅಭಿವೃದ್ಧಿ ಯೋಜನೆಯ ಮೂಲಕ. ಹಾಲು ಮಹಾಮಂಡಳಿ ಎಂಬ ಈಗಿನ ರೂಪ 1984ರದು. ಅಂದರೆ ಗುಜರಾತಿನವರು ಹೋರಾಡಿ ಪಡೆದದ್ದು ನಮಗೆ ಯೋಜನೆಯಾಗಿ ಬಂತು. ಅದರಿಂದ ಲಾಭವೇನೋ ಬಹಳ ಆಯಿತು. ಆದರೆ ಸಭೆ ಸೇರಿ ಮಾತನಾಡುವ ಅಭ್ಯಾಸ ಹಾಲಿನ ಜೊತೆ ತಾನಾಗಿ ಬರಲಿಲ್ಲ. ವಾರ್ಷಿಕ ಮಹಾಸಭೆಗೆ ಕೋರಂ ಆಗಲೆಂದು ಕಾರ್ಯದರ್ಶಿಯವರು ಮನೆಮನೆಗೆ ಹೋಗಿ ಕರೆಯುವ ಊರುಗಳು ಎಷ್ಟಿವೆ ಎಂಬುದು ತಮಗೇ ಗೊತ್ತು.

ದೊಡ್ಡ ಸಂಘ ಮುರಿದಾಗ ಉಳಿದ ಸಣ್ಣ ಗುಂಪು

ಸ್ವಸಹಾಯ ಗುಂಪು ಎಂಬುದು ಎಲ್ಲಿಂದ ಬಂತು? ಬಾಂಗ್ಲಾದೇಶದಿಂದ ಬಂತು ಎಂದು ಹೇಳುವವರಿದ್ದಾರೆ. ನಮ್ಮ ಕರ್ನಾಟಕದ ಕಥೆ ಸ್ವಲ್ಪ ಬೇರೆ, ಮತ್ತು ಸಹಕಾರಿಗಳಾದ ನಾವು ತಿಳಿಯಲೇಬೇಕಾದದ್ದು.

ಟಿಬೆಟಿನಿಂದ ಬಂದ ನಿರಾಶ್ರಿತರಿಗೆ ನೆಲೆ ಕಲ್ಪಿಸಲು 1968ರಲ್ಲಿ ಆರಂಭವಾದ ಮೈರಾಡ ಸಂಸ್ಥೆ ನಂತರ ಬಡ ರೈತರ ನಡುವೆ ಕೆಲಸ ಮಾಡತೊಡಗಿ, ಹಳ್ಳಿಗಳಲ್ಲಿ ದೊಡ್ಡ ದೊಡ್ಡ ಸಹಕಾರ ಸಂಘಗಳನ್ನು ಕಟ್ಟಿಸಿತು. 1984-85ರ ಹೊತ್ತಿಗೆ ಅವುಗಳಲ್ಲಿ ಹಲವು ಮುರಿದು ಬಿದ್ದವು. ಮುಖಂಡರ ಮೇಲೆ ಸದಸ್ಯರಿಗೆ ನಂಬಿಕೆ ಹೋಗಿತ್ತು. ಆಡಳಿತವೂ ಸರಿಯಿರಲಿಲ್ಲ. ಸಂಸ್ಥೆಯವರು ಸದಸ್ಯರ ಹತ್ತಿರ ಹೋಗಿ ಮಾತನಾಡಿದಾಗ, ಜನ ಆಗಲೇ ತಮ್ಮ ತಮ್ಮಲ್ಲಿ ಸಣ್ಣ ಗುಂಪುಗಳಾಗಿ ಬೇರೆ ಬೇರೆ ಕಡೆ ಸೇರುತ್ತಿದ್ದುದು ಕಂಡಿತು. ಸಾಲ ತೀರಿಸುತ್ತೇವೆ, ಆದರೆ ಆ ದೊಡ್ಡ ಸಂಘಕ್ಕೆ ಕಟ್ಟುವುದಿಲ್ಲ, ನಿಮಗೇ ಕಟ್ಟುತ್ತೇವೆ ಎಂದರು. ನಮಗೆ ಬೇಡ, ನಿಮ್ಮ ಗುಂಪಿಗೇ ಕಟ್ಟಿಕೊಳ್ಳಿ ಎಂದು ಸಂಸ್ಥೆ ಉತ್ತರಿಸಿತು. ಅಲ್ಲಿಂದ ಶುರುವಾಯಿತು. 1986-87ರ ವೇಳೆಗೆ ಮೈರಾಡದ ಕಾರ್ಯಕ್ಷೇತ್ರದಲ್ಲೇ ಇಂತಹ ಸುಮಾರು 300 ಗುಂಪುಗಳಾಗಿದ್ದವು. 1987ರಲ್ಲಿ ನಬಾರ್ಡ್ 10 ಲಕ್ಷ ರೂಪಾಯಿ ಅನುದಾನ ಕೊಟ್ಟಿತು. ಕೋಲಾರ ಜಿಲ್ಲೆಯ ಬಂಗಾರಪೇಟೆಯ ವೈಶ್ಯ ಬ್ಯಾಂಕ್ ಶಾಖೆ 1991ರ ಡಿಸೆಂಬರ್‌ನಲ್ಲಿ ಇಂತಹ ಒಂದು ಮಹಿಳಾ ಸಂಘಕ್ಕೆ ಸಾಲ ಕೊಟ್ಟಿತು. 1992ರಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗವನ್ನು ನಬಾರ್ಡ್ ಇಡೀ ದೇಶದಲ್ಲಿ ಕೈಗೊಂಡಿತು.

ಜಾಮೀನಿಲ್ಲ, ಜಮೀನಿಲ್ಲ, ನೋಂದಣಿಯೂ ಇಲ್ಲ. ಆದರೂ ಬ್ಯಾಂಕು ಸಾಲ ಕೊಟ್ಟಿತು. ಏಕೆ? ಅವರ ಪುಸ್ತಕ ನೋಡಿ. ವಾರ ವಾರ ಸಭೆ, ವಾರ ವಾರ ಉಳಿತಾಯ, ಉಳಿಸಿದ ಹಣದಲ್ಲೇ ಒಬ್ಬರಿಗೊಬ್ಬರು ಸಾಲ, ಹೊತ್ತಿಗೆ ಸರಿಯಾಗಿ ಮರುಪಾವತಿ, ಎಲ್ಲದಕ್ಕೂ ಬರವಣಿಗೆ. ಈಗಿನ ಸಂಜೀವಿನಿ ಯೋಜನೆಯವರು ಇದನ್ನೇ ಪಂಚಸೂತ್ರ ಎಂದು ಹೇಳಿಕೊಡುತ್ತಾರೆ. ಗುಂಪಿನಲ್ಲಿ 20ಕ್ಕಿಂತ ಹೆಚ್ಚು ಜನ ಬೇಡ ಎಂಬ ನಿಯಮಕ್ಕೂ ಕಾರಣವಿದೆ. 1956ರ ಕಂಪನಿ ಕಾಯ್ದೆಯ ಪ್ರಕಾರ 20ಕ್ಕೂ ಹೆಚ್ಚು ಜನ ಸೇರಿ ವ್ಯವಹಾರ ಮಾಡಿದರೆ ನೋಂದಣಿ ಆಗಲೇಬೇಕಿತ್ತು. ಕಾನೂನಿಗಾಗಿ ಹುಟ್ಟಿದ ಮಿತಿ ಒಳ್ಳೆಯದನ್ನೇ ಮಾಡಿತು. 15-20 ಜನರಿದ್ದಲ್ಲಿ ಎಲ್ಲರ ಮುಖವೂ ಎಲ್ಲರಿಗೂ ಕಾಣುತ್ತದೆ. ಯಾರ ಮನೆಯಲ್ಲಿ ಹಸು ಬತ್ತಿದೆ, ಯಾರ ಮನೆಯ ಹುಳು ಮನೆಯಲ್ಲಿ ರೋಗ ಬಿದ್ದಿದೆ, ಯಾರು ನಿಜವಾಗಿ ಕಷ್ಟದಲ್ಲಿದ್ದಾರೆ, ಯಾರು ನೆಪ ಹೇಳುತ್ತಿದ್ದಾರೆ ಎಂಬುದಕ್ಕೆ ಅರ್ಜಿ ಬೇಕಿಲ್ಲ.

ಲೆಕ್ಕವನ್ನೂ ನೋಡೋಣ. 15 ಜನರ ಗುಂಪು ವಾರಕ್ಕೆ ತಲಾ 50 ರೂಪಾಯಿ ಉಳಿಸಿದರೆ ವಾರಕ್ಕೆ 750, ವರ್ಷಕ್ಕೆ 39,000 ರೂಪಾಯಿ. ಮೂರು ವರ್ಷಕ್ಕೆ 1,17,000. ಇದರ ಮೇಲೆ ಬರುವ ಬಡ್ಡಿಯೂ ಗುಂಪಿನದೇ. ಒಬ್ಬ ಸದಸ್ಯೆ ನೂರಕ್ಕೆ 2 ರೂಪಾಯಿ ಬಡ್ಡಿಯಂತೆ 10,000 ರೂಪಾಯಿ ಸಾಲ ಪಡೆದು, ತಿಂಗಳಿಗೆ 1,000 ಅಸಲು ಕಟ್ಟುತ್ತಾ ಹತ್ತು ತಿಂಗಳಲ್ಲಿ ತೀರಿಸಿದರೆ, ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಹಾಕುವುದಾದರೆ ಒಟ್ಟು ಬಡ್ಡಿ 1,100 ರೂಪಾಯಿ. ಅದೇ ಸಾಲಕ್ಕೆ, ಅಸಲು ಇಳಿಯುತ್ತಿದ್ದರೂ ಕೊನೆಯವರೆಗೆ ಪೂರ್ತಿ 10,000ದ ಮೇಲೆ ಬಡ್ಡಿ ಹಾಕಿದರೆ 2,000 ರೂಪಾಯಿ. ಬಾಯಲ್ಲಿ ಹೇಳುವಾಗ ಎರಡೂ 'ಎರಡು ರೂಪಾಯಿ ಬಡ್ಡಿ'ಯೇ. ಸಾಲ ಕೊಡುವವರು ಯಾರೇ ಆಗಲಿ, ಬಡ್ಡಿ ಉಳಿದ ಅಸಲಿಗೋ ಪೂರ್ತಿ ಅಸಲಿಗೋ ಎಂದು ಮೊದಲು ಕೇಳಿರಿ. ಈ ಒಂದು ಪ್ರಶ್ನೆ ಕೇಳುವ ಧೈರ್ಯ ಬಂದರೆ ಪಾಠದ ಅರ್ಧ ಸಾರ್ಥಕವಾದಂತೆ.

ದುಡ್ಡಿನಾಚೆಯ ಕೆಲಸ

ಗುಂಪು ಎಂದರೆ ಸಾಲ ಮತ್ತು ಉಳಿತಾಯ ಮಾತ್ರ ಎಂಬ ಭಾವನೆ ಈಚೆಗೆ ಬೆಳೆದಿದೆ. ಹಿಂದೆ ಹೀಗಿರಲಿಲ್ಲ. 1970ರ ಮತ್ತು 80ರ ದಶಕಗಳಲ್ಲಿ ರಾಜ್ಯದ ಹಳ್ಳಿಗಳಲ್ಲಿ ಕೆಲಸ ಮಾಡಿದ ಸಾಮಾಜಿಕ ಕ್ರಿಯಾ ಗುಂಪುಗಳು ಕೂಲಿ, ಜೀತ, ಭೂಮಿ, ಕುಡಿಯುವ ನೀರು ಇಂತಹ ಪ್ರಶ್ನೆಗಳಿಂದಲೇ ಪ್ರಾರಂಭ ಮಾಡಿದವು. ಜೀತ ಪದ್ಧತಿಯನ್ನು 1976ರ ಕಾಯ್ದೆ ರದ್ದು ಮಾಡಿತ್ತು. ಆದರೂ ಸಾಲಕ್ಕೆ ಬದಲಾಗಿ ಮನೆಯ ಹುಡುಗನನ್ನು ದನ ಮೇಯಿಸಲು ಬಿಡುವುದು ನಿಂತಿರಲಿಲ್ಲ. ನೆರೆಯ ಆನೇಕಲ್ ಭಾಗದಲ್ಲಿ 'ಜೀವಿಕ' ಅಂದರೆ ಜೀತ ವಿಮುಕ್ತಿ ಕರ್ನಾಟಕ ಎಂಬ ಸಂಘಟನೆ ಜೀತದಾಳುಗಳನ್ನೇ ಸೇರಿಸಿ, ಅವರಿಂದಲೇ ಅರ್ಜಿ ಕೊಡಿಸಿ ಬಿಡುಗಡೆಗೆ ದುಡಿಯಿತು. ಒಬ್ಬನೇ ಹೋಗಿ ಉಪವಿಭಾಗಾಧಿಕಾರಿಗಳ ಮುಂದೆ ನಾನು ಜೀತಕ್ಕಿದ್ದೇನೆ ಎಂದು ಹೇಳುವುದಕ್ಕೂ, ಐವತ್ತು ಜನರೊಂದಿಗೆ ಹೋಗಿ ಹೇಳುವುದಕ್ಕೂ ಇರುವ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ.

ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟ ಎಂಬ ಹಳ್ಳಿಯದು ಇನ್ನೊಂದು ಉದಾಹರಣೆ. ಸಾಕ್ಷರತಾ ಆಂದೋಲನದ ರಾತ್ರಿ ಶಾಲೆಗೆ ಅಕ್ಷರ ಕಲಿಯಲು ಸೇರುತ್ತಿದ್ದ ಹೆಂಗಸರು 1992ರಲ್ಲಿ ಊರಿನ ಸಾರಾಯಿ ಅಂಗಡಿ ಮುಚ್ಚಿಸಿದರು. ಅದು ಹಳ್ಳಿಯಿಂದ ಹಳ್ಳಿಗೆ ಹಬ್ಬಿ, 1993ರ ಅಕ್ಟೋಬರಿನಿಂದ ಆ ರಾಜ್ಯ ಸಾರಾಯಿ ನಿಷೇಧಿಸಬೇಕಾಯಿತು. ನಮ್ಮಲ್ಲಿ ಸಾರಾಯಿ ನಿಂತದ್ದು 2007ರ ಜುಲೈ 1ರಿಂದ. ಅಕ್ಷರ ಕಲಿಸಲು ಕರೆದ ಸಭೆ ಅಂಗಡಿ ಮುಚ್ಚಿಸುವ ಸಭೆಯಾಗುತ್ತದೆ ಎಂದು ಆ ಕಾರ್ಯಕ್ರಮ ರೂಪಿಸಿದ ಅಧಿಕಾರಿಗಳೂ ಎಣಿಸಿರಲಿಕ್ಕಿಲ್ಲ!

ನಮ್ಮ ಭಾಗದ್ದೇ ಒಂದು ಮಾತು. ಮಾಗಡಿ ತಾಲ್ಲೂಕಿನ ಹುಲಿಕಲ್ ಮತ್ತು ಕುದೂರಿನ ನಡುವೆ ಸಾಲುಮರದ ತಿಮ್ಮಕ್ಕನವರು ಮತ್ತು ಅವರ ಪತಿ ಚಿಕ್ಕಯ್ಯನವರು ನೆಟ್ಟು, ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದ ಆಲದ ಮರಗಳನ್ನು ನೋಡದವರಿಲ್ಲ. ಇಬ್ಬರೇ ಮಾಡಿದ ಕೆಲಸ ಅದು, ಸಂಘವಲ್ಲ. ಆದರೆ 2019ರಲ್ಲಿ ಬಾಗೇಪಲ್ಲಿ-ಹಲಗೂರು ರಸ್ತೆ ಅಗಲ ಮಾಡುವ ಯೋಜನೆಯಿಂದ ಆ ಮರಗಳಿಗೆ ಕುತ್ತು ಬಂದಾಗ, ಆ ವಯಸ್ಸಿನಲ್ಲಿ ಅಜ್ಜಿಯೇ ಮುಖ್ಯಮಂತ್ರಿಗಳಲ್ಲಿ ಮೊರೆಯಿಡಬೇಕಾಯಿತು. ಒಳ್ಳೆಯ ಕೆಲಸವನ್ನು ಒಬ್ಬರು ಆರಂಭಿಸಬಹುದು. ಅದನ್ನು ಕಾಯುವ ಹೊಣೆ ಊರಿನದು.

ಹೈನುಗಾರಿಕೆಯಲ್ಲೂ ಗುಂಪಿನ ಕೆಲಸ ಬೇಕಾದಷ್ಟಿದೆ. ಊರ ಕೆರೆಯ ಅಂಗಳ ಒತ್ತುವರಿಯಾಗದಂತೆ ನೋಡುವುದು, ಗೋಮಾಳ ಉಳಿದಿದ್ದರೆ ಅದರ ಅಳತೆ ಮಾಡಿಸುವುದು, ಕಾಲುಬಾಯಿ ರೋಗದ ಲಸಿಕೆಯ ದಿನ ಯಾವ ಮನೆಯ ದನವೂ ತಪ್ಪದಂತೆ ಮಾಡುವುದು. ಲಸಿಕೆಯ ವಿಷಯವಂತೂ ಒಬ್ಬರ ಮನೆಯದಲ್ಲ. ಹತ್ತು ಕೊಟ್ಟಿಗೆಯಲ್ಲಿ ಒಂದು ಬಿಟ್ಟರೆ ರೋಗಕ್ಕೆ ಅದೇ ಬಾಗಿಲು. ವಾರ್ಡು ಸಭೆ, ಗ್ರಾಮ ಸಭೆಗಳಲ್ಲಿ ಈ ಬೇಡಿಕೆಗಳನ್ನು ಬರೆಸಿ, ನಡಾವಳಿ ಪುಸ್ತಕದಲ್ಲಿ ದಾಖಲಾಗುವವರೆಗೆ ಕೂತಿರಬೇಕು. ಬಾಯಿಮಾತಿನಲ್ಲಿ ಆಯ್ತು ಮಾಡೋಣ ಎಂದದ್ದು ಮುಂದಿನ ಸಭೆಗೆ ಯಾರಿಗೂ ನೆನಪಿರುವುದಿಲ್ಲ.

ಹೆಣ್ಣುಮಕ್ಕಳ ವಿಷಯವಾಗಿ ಒಂದು ಸಂಗತಿ ಹೇಳಲೇಬೇಕು. ಹಸು ಕಟ್ಟುವುದು, ಹುಲ್ಲು ಕುಯ್ಯುವುದು, ಹಾಲು ಕರೆಯುವುದು, ಸಗಣಿ ಬಾಚುವುದು ಮನೆಯಾಕೆ. ಪಾಸ್‌ಬುಕ್ಕಿನಲ್ಲಿ ಹೆಸರು ಯಜಮಾನರದು. ಇದನ್ನು ಸರಿಪಡಿಸಲೆಂದೇ 1986-87ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ 'ಸ್ಟೆಪ್' ಯೋಜನೆಯ ನೆರವಿನಿಂದ ಹಾಲು ಮಹಾಮಂಡಳಿ ಮಹಿಳೆಯರದೇ ಹಾಲು ಸಂಘಗಳನ್ನು ಕಟ್ಟಿಸಿತು. 1987ರಲ್ಲಿ ಮಂಡಲ ಪಂಚಾಯಿತಿಗಳಲ್ಲಿ ಹೆಂಗಸರಿಗೆ ಕಾಲು ಭಾಗ ಮೀಸಲು ಬಂತು, ಈಗ ಗ್ರಾಮ ಪಂಚಾಯಿತಿಯಲ್ಲಿ ಅರ್ಧ. ಸ್ತ್ರೀಶಕ್ತಿ ಗುಂಪುಗಳು 2000-01ರಲ್ಲಿ ಅಂಗನವಾಡಿಗಳ ಮೂಲಕ ಪ್ರಾರಂಭವಾದವು. ಮೊದಲ ಸಲ ಎದ್ದು ನಿಂತು ಮಾತನಾಡುವಾಗ ಸೆರಗು ಹಿಡಿದು ನಡುಗುವ ಹೆಣ್ಣುಮಗಳು, ಗುಂಪಿನಲ್ಲಿ ಎರಡು ವರ್ಷ ಲೆಕ್ಕ ಓದಿದ ಮೇಲೆ ಗ್ರಾಮ ಸಭೆಯಲ್ಲಿ ನೀರಿನ ಬಿಲ್ಲಿನ ಲೆಕ್ಕ ಕೇಳುತ್ತಾಳೆ. ಈ ಬದಲಾವಣೆ ಯಾವ ಅಂಕಿಅಂಶದಲ್ಲೂ ಬರುವುದಿಲ್ಲ.

ರಾಮನಗರದಲ್ಲಿ 2009ರಲ್ಲಿ ಆದದ್ದು

ಗುಂಪು ಎಂಬ ಹೆಸರಿದ್ದ ಮಾತ್ರಕ್ಕೆ ಅದು ಜನರ ಗುಂಪಾಗುವುದಿಲ್ಲ. ಇದಕ್ಕೆ ಸಾಕ್ಷಿ ನಮ್ಮ ಜಿಲ್ಲಾ ಕೇಂದ್ರದಲ್ಲೇ ಇದೆ. (ಬೆಂಗಳೂರು ಗ್ರಾಮಾಂತರದಿಂದ 2007ರಲ್ಲಿ ಬೇರೆಯಾಗಿ ರಾಮನಗರ ಜಿಲ್ಲೆಯಾದದ್ದು 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಪಡೆಯಿತು. ಬೋರ್ಡು ಬದಲಾದರೂ ಕಷ್ಟಸುಖ ಅದೇ.)

2000ದ ನಂತರ ಕಿರುಸಾಲದ ಕಂಪನಿಗಳು ರೇಷ್ಮೆಯ ಊರುಗಳಲ್ಲಿ ಬಿರುಸಾಗಿ ಹರಡಿದವು. ರಾಮನಗರ ಗೂಡು ಮಾರುಕಟ್ಟೆಯ ಊರು. ನೂಲು ಬಿಚ್ಚುವ ಮನೆಗಳಲ್ಲಿ ದಿನಗೂಲಿಗೆ ದುಡಿಯುವ ಸಾವಿರಾರು ಹೆಂಗಸರು ಅಲ್ಲಿದ್ದಾರೆ. ಐದೈದು ಜನರ ಗುಂಪು ಮಾಡಿ, ಒಬ್ಬರು ಕಟ್ಟದಿದ್ದರೆ ಉಳಿದವರು ಕಟ್ಟಬೇಕೆಂಬ ಕರಾರಿನ ಮೇಲೆ ಜಾಮೀನಿಲ್ಲದೆ ಸಾಲ ಕೊಟ್ಟರು. ಒಂದು ಕಂಪನಿಯ ಕಂತು ಕಟ್ಟಲು ಇನ್ನೊಂದು ಕಂಪನಿಯಿಂದ, ಅದನ್ನು ತೀರಿಸಲು ಮೂರನೆಯದರಿಂದ ಸಾಲ ಎಂಬಂತಾಯಿತು. ಯಾರಿಗೆ ಎಷ್ಟು ಕಡೆ ಸಾಲವಿದೆ ಎಂದು ನೋಡುವ ಏರ್ಪಾಡು ಆಗ ಇರಲಿಲ್ಲ. ನೋಡುವ ಆಸಕ್ತಿಯೂ ಇರಲಿಲ್ಲ ಎಂದೇ ಹೇಳಬೇಕು. ಅಷ್ಟರಲ್ಲಿ ರೇಷ್ಮೆ ಉದ್ಯಮ ಕುಸಿಯಿತು, ಕೂಲಿ ಸಿಗದಾಯಿತು. 2009ರಲ್ಲಿ ಕೋಲಾರ, ಶಿಡ್ಲಘಟ್ಟ, ರಾಮನಗರ, ಮೈಸೂರು ಪಟ್ಟಣಗಳಲ್ಲಿ ಅಂಜುಮನ್ ಸಮಿತಿಗಳು ಈ ಕಂಪನಿಗಳಿಗೆ ಕಂತು ಕಟ್ಟಕೂಡದೆಂದು ತಮ್ಮ ಸಮುದಾಯದ ಹೆಂಗಸರಿಗೆ ಕರೆ ಕೊಟ್ಟವು. ಮರುಪಾವತಿ ನಿಂತಿತು. ಕಂಪನಿಗಳು ಹೊಸ ಸಾಲ ನಿಲ್ಲಿಸಿದವು. ಮರುವರ್ಷ ಆಂಧ್ರದಲ್ಲಿ ಇದಕ್ಕಿಂತ ದೊಡ್ಡ ಬಿಕ್ಕಟ್ಟು ಆಗಿ, ಅದರ ನಂತರವೇ ರಿಸರ್ವ್ ಬ್ಯಾಂಕು ಈ ಕಂಪನಿಗಳಿಗೆ ಪ್ರತ್ಯೇಕ ನಿಯಮಗಳನ್ನು ತಂದಿತು.

ಇಲ್ಲಿ ತಪ್ಪು ಯಾರದು ಎಂಬ ಚರ್ಚೆ ಮಾಡಿದವರು ಬಹಳ ಮಂದಿ. ನಮ್ಮ ಪಾಠಕ್ಕೆ ಬೇಕಾದದ್ದು ಬೇರೆ ಪ್ರಶ್ನೆ. ವಾರ ವಾರ ತಪ್ಪದೆ ಸೇರುತ್ತಿದ್ದ ಅಷ್ಟೊಂದು ಗುಂಪುಗಳಿದ್ದವು. ಕಷ್ಟ ಬಂದಾಗ ಆ ಗುಂಪುಗಳಲ್ಲಿ ಕುಳಿತು, ನಮಗೆ ಕಂತು ಕಟ್ಟಲಾಗುತ್ತಿಲ್ಲ, ಅವಧಿ ಮುಂದಕ್ಕೆ ಹಾಕಿ ಎಂದು ಹೆಂಗಸರೇ ಒಟ್ಟಾಗಿ ಕೇಳುವ ದಾರಿ ಏಕೆ ಇರಲಿಲ್ಲ? ಏಕೆಂದರೆ ಆ ಸಭೆ ಇದ್ದದ್ದು ಕಂತು ಎಣಿಸುವುದಕ್ಕೆ. ಗುಂಪಿಗೆ ಸ್ವಂತದ ಉಳಿತಾಯವಿಲ್ಲ, ಸ್ವಂತದ ಪುಸ್ತಕವಿಲ್ಲ, ನಿಯಮ ಮಾಡುವ ಅಧಿಕಾರವಿಲ್ಲ. ಇದ್ದದ್ದು ಒಬ್ಬರ ಸಾಲಕ್ಕೆ ಇನ್ನೊಬ್ಬರು ಹೊಣೆ ಎಂಬ ಹಗ್ಗ ಮಾತ್ರ. ಆದ್ದರಿಂದ ಕಟ್ಟಿರಿ ಎನ್ನುವ ಮಾತೂ ಹೊರಗಿನಿಂದ ಬಂತು, ಕಟ್ಟಬೇಡಿರಿ ಎನ್ನುವ ಮಾತೂ ಹೊರಗಿನಿಂದಲೇ ಬಂತು. 1985ರಲ್ಲಿ ಸಂಘ ಮುರಿದರೂ ಸಾಲ ಕಟ್ಟುತ್ತೇವೆಂದ ಹಳ್ಳಿಯ ಬಡವರನ್ನೂ ಇದನ್ನೂ ಪಕ್ಕಪಕ್ಕ ಇಟ್ಟು ನೋಡಿರಿ. ಎರಡೂ ಕಡೆ ಬಡವರೇ, ಜಾಮೀನು ಎರಡೂ ಕಡೆ ಇಲ್ಲ.

ಹಸುವಿನ ಲೆಕ್ಕ, ಕಂತಿನ ಲೆಕ್ಕ

ಈಗ ನಮ್ಮ ಕೊಟ್ಟಿಗೆಗೆ ಬರೋಣ. ಸೀಮೆಹಸು ಕೊಳ್ಳಲು ಒಬ್ಬರು 60,000 ರೂಪಾಯಿ ಸಾಲ ತೆಗೆದರೆಂದು ಇಟ್ಟುಕೊಳ್ಳಿ. ವರ್ಷಕ್ಕೆ ಶೇ. 24 ಬಡ್ಡಿ, ಎರಡು ವರ್ಷದ ಅವಧಿ. ಉಳಿದ ಅಸಲಿನ ಮೇಲೆ ಬಡ್ಡಿ ಹಾಕಿದರೂ ತಿಂಗಳಿಗೆ ಸುಮಾರು 3,170, ಅಂದರೆ ವಾರಕ್ಕೆ ಸುಮಾರು 730 ರೂಪಾಯಿ ಕಟ್ಟಬೇಕು. ಹಸು ದಿನಕ್ಕೆ 10 ಲೀಟರ್ ಕೊಡುತ್ತದೆ, ಲೀಟರಿಗೆ 35 ರೂಪಾಯಿ ಎಂದು ಹಿಡಿದರೆ ವಾರಕ್ಕೆ 2,450. ಪಶು ಆಹಾರ, ಮೇವು, ಔಷಧಿ ಕಳೆದು ಉಳಿದದ್ದರಲ್ಲಿ ಕಂತು ಹೇಗೋ ಸಾಗುತ್ತದೆ.

ಆದರೆ ಹಸು ವರ್ಷವಿಡೀ ಕರೆಯುವುದಿಲ್ಲ. ಕರು ಹಾಕುವ ಮುಂಚೆ ಎರಡು ತಿಂಗಳಾದರೂ ಹಾಲು ಬತ್ತಿಸಬೇಕು. ಬತ್ತಿಸದಿದ್ದರೆ ಮುಂದಿನ ಸೂಲಿನ ಹಾಲು ಕಡಿಮೆಯಾಗುತ್ತದೆ, ಹಸುವೂ ಸೊರಗುತ್ತದೆ. ಆ 60 ದಿನಗಳಲ್ಲಿ ಡೈರಿಯಿಂದ ಒಂದು ಕಾಸೂ ಬರುವುದಿಲ್ಲ, ಕಂತು ಮಾತ್ರ ನಿಲ್ಲುವುದಿಲ್ಲ. ಎಂಟೂವರೆ ವಾರಕ್ಕೆ 6,200 ರೂಪಾಯಿಗೂ ಮೇಲಾಗುತ್ತದೆ. ಗರ್ಭ ನಿಲ್ಲದೆ ಎರಡು ಮೂರು ಸಲ ಇಂಜೆಕ್ಷನ್ ಹಾಕಿಸಬೇಕಾಗಿ ಬಂದರೆ ಬತ್ತಿದ ಕಾಲ ಇನ್ನೂ ಉದ್ದ. ಈ ಹೊತ್ತಿನಲ್ಲೇ ಮನೆಯವರು ಎರಡನೆಯ ಸಾಲಕ್ಕೆ ಹೋಗುತ್ತಾರೆ, ಇಲ್ಲವೇ ಗಬ್ಬದ ಹಸುವನ್ನೇ ಅರ್ಧ ಬೆಲೆಗೆ ದಲ್ಲಾಳಿಗೆ ಹೊಡೆಯುತ್ತಾರೆ. ಕೆಲವರು ಬತ್ತಿಸದೆ ಕರೆಯುತ್ತಲೇ ಇರುತ್ತಾರೆ. ಹಸು ಹೋಗಲು ಕಾರಣ ರೋಗ ಎಂದು ನಾವು ಬರೆದುಕೊಳ್ಳುತ್ತೇವೆ. ಎಷ್ಟೋ ಕಡೆ ನಿಜವಾದ ಕಾರಣ ವಾರದ ಕಂತು.

ಹಸುವಿಗೆ ಸಾಲ ತೆಗೆಯುವುದಾದರೆ ಬತ್ತಿದ ಕಾಲಕ್ಕೆ ಕಂತು ಬಿಡುವು ಇರುವ ಸಾಲ ಬೇಕು. ಇಂತಹ ನಿಯಮವನ್ನು ತಾನೇ ಮಾಡಿಕೊಳ್ಳಬಲ್ಲದ್ದು ಸ್ವಂತ ಉಳಿತಾಯವಿರುವ ಗುಂಪು. ನಿಮ್ಮ ದುಡ್ಡು, ನಿಮ್ಮ ನಿಯಮ. ಕರು ಹಾಕುವ ಮುಂಚಿನ ಎರಡು ತಿಂಗಳು ಬಡ್ಡಿ ಮಾತ್ರ ಕಟ್ಟಿದರೆ ಸಾಕು ಎಂದು ನಡಾವಳಿಯಲ್ಲಿ ಬರೆದರೆ ಆಯಿತು.

ಕಾನೂನು ಏನು ಹೇಳುತ್ತದೆ

ಸಾಲಗಾರರ ರಕ್ಷಣೆಗೆ ಇರುವ ನಿಯಮಗಳು ಬಹಳ ಜನರಿಗೆ ತಿಳಿದಿಲ್ಲ. ರಿಸರ್ವ್ ಬ್ಯಾಂಕು 2022ರ ಏಪ್ರಿಲ್‌ನಿಂದ ಜಾರಿಗೆ ತಂದ ನಿರ್ದೇಶನದ ಪ್ರಕಾರ ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯವಿರುವ ಕುಟುಂಬಕ್ಕೆ ಕೊಡುವ ಕಿರುಸಾಲಕ್ಕೆ ಯಾವ ಅಡಮಾನವನ್ನೂ ಕೇಳುವಂತಿಲ್ಲ. ಎಲ್ಲ ಸಾಲಗಳ ಕಂತು ಸೇರಿ ಕುಟುಂಬದ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ಸಾಲದ ವಿವರವನ್ನು ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕು. ಮುಂಚಿತವಾಗಿ ಸಾಲ ತೀರಿಸಿದರೆ ದಂಡ ಹಾಕುವಂತಿಲ್ಲ. ವಸೂಲಿಗಾಗಿ ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಫೋನು ಮಾಡಿ ಪೀಡಿಸುವಂತಿಲ್ಲ. ಕಂತು ಕಟ್ಟುವ ಸ್ಥಳವನ್ನು ಇಬ್ಬರೂ ಸೇರಿ ಗೊತ್ತುಮಾಡಬೇಕು. ಅಲ್ಲಿಗೆ ಸತತ ಎರಡು ಸಲ ಬಾರದಿದ್ದರೆ ಮಾತ್ರ ಮನೆ ಬಾಗಿಲಿಗೆ ಬರಬಹುದು.

ನಿಯಮಗಳಿದ್ದರೂ 2024-25ರಲ್ಲಿ ರಾಜ್ಯದ ಹಲವು ಜಿಲ್ಲೆಗಳಲ್ಲಿ ವಸೂಲಿಯ ಕಿರುಕುಳ ತಾಳದೆ ಜನ ಊರು ಬಿಟ್ಟರು, ಜೀವವನ್ನೂ ಕಳೆದುಕೊಂಡರು. ಇದರಿಂದ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಕಿರುಸಾಲ ಮತ್ತು ಸಣ್ಣ ಸಾಲದ ಬಲವಂತದ ವಸೂಲಿ ತಡೆಯುವ ಅಧ್ಯಾದೇಶ ಹೊರಡಿಸಿ, ನಂತರ ಅದನ್ನು ಕಾಯ್ದೆ ಮಾಡಿತು. ಸಾಲಗಾರರನ್ನು ಬೆದರಿಸುವುದು, ಅವಮಾನಿಸುವುದು, ಹಿಂದೆ ಬಿದ್ದು ಕಾಡುವುದು, ರೌಡಿಗಳನ್ನು ಕಳಿಸುವುದು ಶಿಕ್ಷಾರ್ಹ. 10 ವರ್ಷದವರೆಗೆ ಸೆರೆವಾಸ, 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ದೂರು ಕೊಟ್ಟರೆ ಪೊಲೀಸರು ದಾಖಲಿಸಿಕೊಳ್ಳದೆ ಕಳಿಸುವಂತಿಲ್ಲ. ಆದರೆ ಒಂದನ್ನು ಸರಿಯಾಗಿ ತಿಳಿಯಿರಿ. ಸಕ್ರಮವಾಗಿ ನೋಂದಾಯಿತ ಬ್ಯಾಂಕು ಮತ್ತು ಕಂಪನಿಗಳ ಸಾಲವನ್ನು ಈ ಕಾಯ್ದೆ ಮನ್ನಾ ಮಾಡಿಲ್ಲ. ಮನ್ನಾ ಆಗುತ್ತದೆಂದು ನಂಬಿಸಿ ಕಮಿಷನ್ ಕೇಳುವವರಿಂದ ದೂರವಿರಿ.

ಕಾಯ್ದೆ ಕಾಗದದ ಮೇಲಿರುತ್ತದೆ. ರಾತ್ರಿ ಎಂಟಕ್ಕೆ ಮನೆ ಮುಂದೆ ಬಂದು ಕೂತವರನ್ನು ಎದ್ದು ಹೋಗಿ ಎಂದು ಹೇಳಲು ಅಕ್ಕಪಕ್ಕದ ಹತ್ತು ಜನ ಬೇಕು. ಆ ಹತ್ತು ಜನರನ್ನು ಮೊದಲೇ ಸೇರಿಸಿಟ್ಟಿರುವುದೇ ಗುಂಪಿನ ಕೆಲಸ.

ಡೈರಿ ಏನು ಮಾಡಬಹುದು

ಹಾಲಿನ ಸಂಘ ಕಾನೂನಿನಡಿ ನೋಂದಾಯಿತ ಸಂಸ್ಥೆ. ಅದಕ್ಕೆ ಅದರದೇ ಉಪನಿಯಮಗಳಿವೆ. ಎಲ್ಲ ಕೆಲಸವನ್ನೂ ಅದು ಹೊರಲಾರದು, ಹೊರಲೂಬಾರದು. ಆದರೆ ಊರಿನಲ್ಲಿ ದಿನಕ್ಕೆ ಎರಡು ಸಲ ಎಲ್ಲ ಕೇರಿಯ ಜನರೂ ಒಂದೇ ಸಾಲಿನಲ್ಲಿ ನಿಲ್ಲುವ ಜಾಗ ಡೈರಿ ಬಿಟ್ಟರೆ ಇನ್ನೊಂದಿಲ್ಲ. ಹಾಲು ಅಳೆದು ಮುಗಿದ ಮೇಲೆ ಆ ಕೊಠಡಿ ಖಾಲಿ ಇರುತ್ತದೆ. ವಾರಕ್ಕೊಂದು ದಿನ ಮಹಿಳಾ ಗುಂಪಿನ ಸಭೆಗೆ ಅದನ್ನು ಬಿಟ್ಟುಕೊಡಲು ಆಡಳಿತ ಮಂಡಳಿಯ ಒಂದು ನಿರ್ಣಯ ಸಾಕು. ಲೆಕ್ಕ ಬರೆಯಲು ಬರುವ ಕಾರ್ಯದರ್ಶಿಗಳು ಗುಂಪಿನ ಒಬ್ಬಿಬ್ಬರಿಗೆ ಬರವಣಿಗೆ ಹೇಳಿಕೊಡಬಹುದು. ತಾವೇ ಬರೆದುಕೊಡುವುದು ಬೇಡ. ಅಲ್ಲಿಗೆ ಅದು ಮತ್ತೆ ಅವರ ಸಂಘವಾಗುವುದಿಲ್ಲ.

ಸದಸ್ಯರ ಲಿಖಿತ ಒಪ್ಪಿಗೆ ಇಲ್ಲದೆ ಹಾಲಿನ ಹಣದಿಂದ ಯಾವ ಹೊರಗಿನವರ ಕಂತನ್ನೂ ಮುರಿದುಕೊಳ್ಳುವುದಿಲ್ಲ ಎಂದೂ ಡೈರಿ ತೀರ್ಮಾನಿಸಿಕೊಳ್ಳುವುದು ಮೇಲು. ವಸೂಲಿಗೆ ಬಂದವರು ಬಟವಾಡೆಯ ದಿನ ಡೈರಿಯ ಬಾಗಿಲಲ್ಲಿ ನಿಲ್ಲುವುದಕ್ಕೂ ಅವಕಾಶ ಬೇಡ.

ಗುಂಪುಗಳಲ್ಲೂ ದೋಷಗಳಿವೆ. ಒಂದೇ ಕೇರಿಯವರು, ಒಂದೇ ನೆಂಟಸ್ತಿಕೆಯವರು ಸೇರಿ, ಹಸುವಿಲ್ಲದ, ಜಮೀನಿಲ್ಲದ ಮನೆಯವರನ್ನು ಹೊರಗಿಡುವುದುಂಟು. ಕೂಲಿಗೆ ಹೋಗುವ ಹೆಂಗಸರಿಗೆ ಹೊಂದದ ಹೊತ್ತಿನಲ್ಲಿ ಸಭೆ ಕರೆಯುತ್ತಾರೆ. ಓದು ಬಂದ ಒಬ್ಬರೇ ವರ್ಷಗಟ್ಟಲೆ ಪ್ರತಿನಿಧಿಯಾಗಿ, ಪಾಸ್‌ಬುಕ್ಕು ಅವರ ಬೀರುವಿನಲ್ಲೇ ಉಳಿಯುತ್ತದೆ. ಚುನಾವಣೆ ಬಂದಾಗ ಗುಂಪನ್ನು ಲಾರಿ ತುಂಬಿಸುವ ಸರಕು ಮಾಡಿಕೊಳ್ಳುವವರೂ ಇದ್ದಾರೆ. ಪ್ರತಿನಿಧಿಗಳು ಎರಡು ವರ್ಷಕ್ಕೊಮ್ಮೆ ಬದಲಾಗಲಿ. ಲೆಕ್ಕವನ್ನು ಪ್ರತಿ ಸಭೆಯಲ್ಲೂ ಗಟ್ಟಿಯಾಗಿ ಓದಲಿ, ಓದು ಬಾರದವರು ಕೇಳಿಸಿಕೊಳ್ಳಲಿ.

ಮುಂದಿನ ತಿಂಗಳ ಸದಸ್ಯರ ಸಭೆಗೆ ಬರುವಾಗ ಪ್ರತಿಯೊಬ್ಬರೂ ತಮ್ಮ ಮನೆಯಲ್ಲಿರುವ ಎಲ್ಲ ಸಾಲದ ಕಾರ್ಡುಗಳನ್ನೂ ತನ್ನಿರಿ. ಸಭೆಯಲ್ಲಿ ಯಾರೂ ತಮ್ಮ ಸಾಲ ಎಷ್ಟೆಂದು ಹೇಳಬೇಕಾಗಿಲ್ಲ. ಕಾರ್ಡಿನಲ್ಲಿ ಬಡ್ಡಿಯ ದರ, ಬಾಕಿ ಅಸಲು, ಕಂತಿನ ಸಂಖ್ಯೆ ಎಲ್ಲೆಲ್ಲಿ ಬರೆದಿರುತ್ತದೆ, ಉಳಿದ ಅಸಲಿನ ಮೇಲೆ ಬಡ್ಡಿ ಹಾಕಿದ್ದಾರೆಯೇ ಇಲ್ಲವೇ ಎಂಬುದನ್ನು ಹೇಗೆ ಕಂಡುಹಿಡಿಯಬೇಕು ಎಂದು ವಿಸ್ತರಣಾಧಿಕಾರಿಗಳಿಂದ ಕೇಳಿ ತಿಳಿದು, ಮನೆಗೆ ಹೋಗಿ ತಾವೇ ಕೂಡಿ ಕಳೆದು ನೋಡಿರಿ. ಹಸು ಯಾವ ತಿಂಗಳು ಬತ್ತುತ್ತದೆ ಎಂಬುದನ್ನೂ ಅದೇ ಕಾರ್ಡಿನ ಹಿಂದೆ ಪೆನ್ಸಿಲ್ಲಿನಲ್ಲಿ ಬರೆದಿಡಿ.